ಬೆರಳು ಚುಚ್ಚಿ ನೋಡುವ ಟೆಸ್ಟೊಸ್ಟೆರಾನ್ ಕಿಟ್: ಅಂಕಿ ಸಿಗುತ್ತದೆ, ಕಾರಣ ಸಿಗುವುದಿಲ್ಲ

ಗಂಡಸರ ಮುಖ್ಯ ಲೈಂಗಿಕ ಹಾರ್ಮೋನಾದ ಟೆಸ್ಟೊಸ್ಟೆರಾನ್ ಎಷ್ಟಿದೆಯೆಂದು ನೋಡಲು ಮನೆಯಲ್ಲೇ ರಕ್ತ ತೆಗೆದು ಲ್ಯಾಬಿಗೆ ಕಳಿಸುವ ಕಿಟ್‌ಗಳ ಹೆಸರು ಬೇರೆಬೇರೆ, ಒಳಗಿರುವುದು ಹೆಚ್ಚುಕಡಿಮೆ ಒಂದೇ: ಲ್ಯಾನ್ಸೆಟ್‌ಗಳು, ಸ್ಪಿರಿಟ್ ಸ್ವಾಬ್, ರಕ್ತ ಹಿಡಿಯಲು ಪುಟ್ಟ ಟ್ಯೂಬ್ ಅಥವಾ ವೃತ್ತಗಳಿರುವ ಕಾರ್ಡ್, ವಾಪಸ್ ಕಳಿಸುವ ಕವರ್. ಬಳಸುವುದು ಕಷ್ಟವಲ್ಲ, ಕೆಡಿಸುವುದು ಇನ್ನೂ ಸುಲಭ.

ಕೈಯನ್ನು ಬಿಸಿನೀರಲ್ಲಿ ತೊಳೆದು ಪೂರ್ತಿ ಒರೆಸಿ, ತೋಳನ್ನು ಇಳಿಬಿಟ್ಟು, ಉಂಗುರಬೆರಳಿನ ತುದಿಯ ಪಕ್ಕಕ್ಕೆ ಚುಚ್ಚಬೇಕು. ಮೊದಲ ಹನಿ ಒರೆಸಿಬಿಡಿ. ರಕ್ತ ಬರಲಿಲ್ಲವೆಂದು ಬೆರಳನ್ನು ಹಿಂಡಿದರೆ ಅಂಗಾಂಶದ ದ್ರವ ಬೆರೆಯುತ್ತದೆ, ರಕ್ತಕಣಗಳು ಒಡೆಯುತ್ತವೆ, ಸ್ಯಾಂಪಲ್ ತಿರಸ್ಕಾರವಾಗುತ್ತದೆ. ಕಾರ್ಡಿನಲ್ಲಿ ಹನಿಯ ಮೇಲೆ ಹನಿ ಹಾಕಬಾರದು. ಪೂರ್ತಿ ಒಣಗುವ ಮೊದಲು ಕವರಿಗೆ ತುರುಕಬಾರದು. ಟೆಸ್ಟೊಸ್ಟೆರಾನ್ ಜೆಲ್ ಹಚ್ಚುವವರಿಗೆ ಈ ಕಿಟ್ ಹೊಂದುವುದೇ ಇಲ್ಲ: ಬೆರಳಿಗೆ ಅಂಟಿದ ಲವಲೇಶ ಜೆಲ್ಲೂ ಅಂಕಿಯನ್ನು ಆಕಾಶಕ್ಕೇರಿಸುತ್ತದೆ.

ಹೊತ್ತು ಅದಕ್ಕಿಂತ ಮುಖ್ಯ. ಈ ಹಾರ್ಮೋನು ಬೆಳಿಗ್ಗೆ ಏರಿ ಸಂಜೆಗೆ ಇಳಿಯುತ್ತದೆ, ತಿಂಡಿ ತಿಂದರೂ ಇಳಿಯುತ್ತದೆ. ಹಾಗಾಗಿ ಖಾಲಿ ಹೊಟ್ಟೆಯಲ್ಲಿ, 10 ಗಂಟೆಯೊಳಗೆ. ರಾತ್ರಿಪಾಳಿ ಮಾಡುವವರು ನಿದ್ದೆಯಿಂದೆದ್ದ ಹೊತ್ತನ್ನೇ ಬೆಳಗು ಎಂದುಕೊಳ್ಳಬೇಕು. ಜ್ವರ ಬಂದಾಗ, ಆಪರೇಷನ್ ಆದ ಹೊಸತರಲ್ಲಿ ಪರೀಕ್ಷೆಯೇ ಬೇಡ; ಕಾಯಿಲೆಯ ದೇಹ ತಾತ್ಕಾಲಿಕವಾಗಿ ಉತ್ಪಾದನೆ ತಗ್ಗಿಸುತ್ತದೆ. ಕೂದಲಿಗೆಂದು ನುಂಗುವ ಬಯೋಟಿನ್ ಕೆಲವು ಪರೀಕ್ಷಾ ವಿಧಾನಗಳಲ್ಲಿ ಟೆಸ್ಟೊಸ್ಟೆರಾನನ್ನು ಸುಳ್ಳುಸುಳ್ಳೇ ಹೆಚ್ಚು ತೋರಿಸುತ್ತದೆ. 3 ದಿನ ಮೊದಲೇ ನಿಲ್ಲಿಸಿ. ಸೂಚನಾಪತ್ರದಲ್ಲಿ ಇವನ್ನೆಲ್ಲ ಬರೆಯದ ಕಿಟ್ಟನ್ನು ಕೊಳ್ಳುವ ಅಗತ್ಯವಿಲ್ಲ.

ರಿಪೋರ್ಟಿನಲ್ಲಿ ಡೆಸಿಲೀಟರಿಗೆ 300 ನ್ಯಾನೊಗ್ರಾಂಗಿಂತ ಕೆಳಗಿದ್ದರೆ ಸಾಮಾನ್ಯವಾಗಿ 'ಕಡಿಮೆ' ಎನ್ನುತ್ತಾರೆ. ಒಂದೇ ಸಲದ ಅಂಕಿಯನ್ನು ನಂಬಬೇಡಿ. ಬೇರೆ ದಿನ ಬೆಳಿಗ್ಗೆ ಇನ್ನೊಮ್ಮೆ ನೋಡಲೇಬೇಕು, ಅದೂ ತೋಳಿನ ರಕ್ತನಾಳದಿಂದ ತೆಗೆದ ರಕ್ತದಲ್ಲಿ. ಜೊತೆಗೆ, ಟೆಸ್ಟೊಸ್ಟೆರಾನಿನ ಬಹುಪಾಲು ಎಸ್‌ಎಚ್‌ಬಿಜಿ ಮತ್ತು ಆಲ್ಬುಮಿನ್ ಎಂಬ ಪ್ರೋಟೀನುಗಳಿಗೆ ಅಂಟಿಕೊಂಡೇ ಓಡಾಡುತ್ತದೆ. ಬೊಜ್ಜು, ಟೈಪ್ 2 ಮಧುಮೇಹ, ಥೈರಾಯ್ಡ್ ಕೊರತೆ ಇದ್ದವರಲ್ಲಿ ಎಸ್‌ಎಚ್‌ಬಿಜಿ ಇಳಿದು ಒಟ್ಟು ಅಂಕಿಯೂ ಕಡಿಮೆ ಕಾಣಬಹುದು, ಯಾವುದಕ್ಕೂ ಅಂಟದ ಮುಕ್ತ ಭಾಗ ಸರಿಯಾಗೇ ಇರಬಹುದು. ವಯಸ್ಸಾದವರಲ್ಲಿ, ಲಿವರ್ ಸಿರೋಸಿಸ್‌ನಲ್ಲಿ ಇದು ತಿರುವುಮುರುವು. ಒಟ್ಟು ಟೆಸ್ಟೊಸ್ಟೆರಾನ್ ಮಾತ್ರ ಅಳೆಯುವ ಅಗ್ಗದ ಕಿಟ್‌ಗಳು ಸೋಲುವುದು ಇಲ್ಲೇ.

ಕಾರಣ ಹುಡುಕಲು ಎಲ್‌ಎಚ್ ಬೇಕು. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ವೃಷಣಕ್ಕೆ ಕಳಿಸುವ ಆಜ್ಞೆ ಅದು. ಟೆಸ್ಟೊಸ್ಟೆರಾನ್ ಕಡಿಮೆ, ಎಲ್‌ಎಚ್ ಜಾಸ್ತಿ ಎಂದರೆ ಆಜ್ಞೆ ತಲುಪಿದೆ, ವೃಷಣಕ್ಕೆ ಕೈಲಾಗುತ್ತಿಲ್ಲ: ಹುಟ್ಟಿನಿಂದ ಬಂದ ಕ್ಲೈನ್‌ಫೆಲ್ಟರ್ ಸಿಂಡ್ರೋಮ್, ಮಂಗನಬಾವು ವೃಷಣಕ್ಕಿಳಿದದ್ದು, ಕೆಳಗಿಳಿಯದೆ ಉಳಿದ ವೃಷಣ, ಕೀಮೋಥೆರಪಿ, ಪೆಟ್ಟು. ಎರಡೂ ಕಡಿಮೆ ಇದ್ದರೆ, ಅಥವಾ ಎಲ್‌ಎಚ್ ಏರಬೇಕಾದಲ್ಲಿ ಏರದೆ 'ನಾರ್ಮಲ್' ಎಂದೇ ಕೂತಿದ್ದರೆ, ತೊಂದರೆ ಮೇಲೆ, ಮಿದುಳಿನ ಕಡೆಯದು. ಅಲ್ಲಿ ಪಟ್ಟಿ ಉದ್ದ: ಪ್ರೊಲ್ಯಾಕ್ಟಿನ್ (ಎದೆಹಾಲಿನ ಹಾರ್ಮೋನು) ಹೆಚ್ಚಿಸುವ ಗಡ್ಡೆ, ದೀರ್ಘಕಾಲದ ಓಪಿಯಾಯ್ಡ್ ನೋವುಮಾತ್ರೆ, ಸ್ಟೆರಾಯ್ಡ್ ಮಾತ್ರೆ, ಕಬ್ಬಿಣ ತುಂಬಿಕೊಳ್ಳುವ ಹೀಮೊಕ್ರೊಮಟೋಸಿಸ್, ವಿಪರೀತ ಬೊಜ್ಜು. ಜಿಮ್ಮಿನಲ್ಲಿ ಚುಚ್ಚಿಕೊಂಡ ಅನಬಾಲಿಕ್ ಸ್ಟೆರಾಯ್ಡ್ ನಿಲ್ಲಿಸಿ ತಿಂಗಳುಗಳಾದರೂ ಪಿಟ್ಯುಟರಿ ಎಚ್ಚರಗೊಳ್ಳದಿರಬಹುದು. ಪ್ರಶ್ನಾವಳಿಯಲ್ಲಿ ಜನ ಮುಚ್ಚಿಡುವುದೂ ಇದನ್ನೇ. ಅಂಕಿ 150ಕ್ಕಿಂತ ಕೆಳಗಿದ್ದು ಎಲ್‌ಎಚ್ ಕೂಡ ಏರದಿದ್ದರೆ ಪಿಟ್ಯುಟರಿಯ ಎಂಆರ್‌ಐ ಬೇಕಾಗುತ್ತದೆ. ತಲೆನೋವಿನ ಜೊತೆ ನೋಟದ ಅಂಚು ಮಸುಕಾಗಿದ್ದರೆ ಕಿಟ್ಟಿಗೆ ಕಾಯುವುದೇ ತಪ್ಪು.

ಹೀಗಾಗಿ, ಎಸ್‌ಎಚ್‌ಬಿಜಿ, ಆಲ್ಬುಮಿನ್, ಎಲ್‌ಎಚ್ ಮೂರನ್ನೂ ಸೇರಿಸಿದ ಕಿಟ್ ಇದ್ದರೆ ಮೊದಲ ಸೋಸುವಿಕೆಗೆ ಸಾಕು. ಪ್ರೊಲ್ಯಾಕ್ಟಿನ್ ಇದ್ದರೆ ಇನ್ನೂ ಒಳ್ಳೆಯದು. ಜೊಲ್ಲಿನ ಕಿಟ್‌ಗಳನ್ನು ಪಕ್ಕಕ್ಕಿಡಿ: ಒಸಡಿನ ರಕ್ತ ತುಸು ಸೇರಿದರೂ ಲೆಕ್ಕ ತಪ್ಪುತ್ತದೆ. ರಿಪೋರ್ಟಿನ ಬೆನ್ನಿಗೇ ಜೆಲ್ಲೋ ಇಂಜೆಕ್ಷನ್ನೋ ಮಾರಲು ಬರುವ ಸೇವೆಗಳನ್ನಂತೂ ದೂರವಿಡಿ. ಹೊರಗಿನಿಂದ ಕೊಟ್ಟ ಟೆಸ್ಟೊಸ್ಟೆರಾನ್ ಎಲ್‌ಎಚ್ ಮತ್ತು ಪಿಟ್ಯುಟರಿಯದೇ ಇನ್ನೊಂದು ಹಾರ್ಮೋನಾದ ಎಫ್‌ಎಸ್‌ಎಚ್ ಎರಡನ್ನೂ ಅಡಗಿಸಿ ವೀರ್ಯಾಣು ಉತ್ಪಾದನೆಯನ್ನೇ ನಿಲ್ಲಿಸಬಹುದು. ಮಕ್ಕಳು ಬೇಕೆಂದಿರುವವರಿಗೆ ಆ ಪ್ರಶ್ನೆಯನ್ನು ಮೊದಲು ಕೇಳದ ಸೇವೆಗೆ ನಮ್ಮ ಕಡೆಯಿಂದ ಒಂದು ಸ್ಟಾರೂ ಇಲ್ಲ.