ಒಕ್ಕೂಟ ವ್ಯವಸ್ಥೆಯ ಭವಿಷ್ಯ ಕುರಿತ ಆನ್‌ಲೈನ್ ಕೋರ್ಸ್: ಒಂದು ವಿಮರ್ಶೆ

ಜಾಗತೀಕರಣದ ಕಾಲದಲ್ಲಿ ಒಕ್ಕೂಟ ವ್ಯವಸ್ಥೆಗಳು ಎತ್ತ ಸಾಗುತ್ತಿವೆ ಎಂಬುದನ್ನು ಕುರಿತ ಆರು ವಾರಗಳ ಆನ್‌ಲೈನ್ ಕೋರ್ಸೊಂದನ್ನು ಇತ್ತೀಚೆಗೆ ಮುಗಿಸಿದೆ. ಶುಲ್ಕ ಕೊಟ್ಟು ಸೇರಬಹುದೇ ಎಂದು ಕೇಳುವವರಿಗೆ, ಮೂರನೆಯ ಮತ್ತು ನಾಲ್ಕನೆಯ ವಾರದ ಪಾಠಗಳಿಗಾಗಿಯೇ ಸೇರಬಹುದು ಎನ್ನುತ್ತೇನೆ. ಮೊದಲ ಎರಡು ವಾರ ಬರೀ ವ್ಯಾಖ್ಯೆಗಳು. ವಿಷಯ ಪರಿಚಯವಿದ್ದವರು ಅವನ್ನು ಬಿಟ್ಟು ಮುಂದೆ ಹೋಗಬಹುದು.

ಕೋರ್ಸಿನ ಜೀವಾಳ ಒಂದೇ ಪ್ರಶ್ನೆಯಲ್ಲಿದೆ: ಕೇಂದ್ರ ಸರ್ಕಾರವು ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸಹಿ ಹಾಕಿದರೆ, ರಾಜ್ಯಗಳಿಗೆ ಸೇರಿದ ವಿಷಯಗಳಲ್ಲಿ ಅದನ್ನು ಜಾರಿಗೊಳಿಸುವ ಶಾಸನ ಮಾಡುವ ಹಕ್ಕು ಯಾರದು? ವಲಸೆ ಹಕ್ಕಿಗಳ ರಕ್ಷಣೆಯ ಒಪ್ಪಂದದ ವಿಚಾರದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1920ರಲ್ಲಿ ಕೇಂದ್ರದ ಪರ ತೀರ್ಪಿತ್ತಿತು. 1937ರಲ್ಲಿ, ಆಗ ಕೆನಡಾಕ್ಕೂ ಅಂತಿಮ ಮೇಲ್ಮನವಿ ನ್ಯಾಯಾಲಯವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್, ಕಾರ್ಮಿಕ ಒಪ್ಪಂದಗಳಿಗೆ ಸಹಿ ಹಾಕಿದ ಮಾತ್ರಕ್ಕೆ ಪ್ರಾಂತ್ಯಗಳ ವಿಷಯಗಳಲ್ಲಿ ಕಾನೂನು ಮಾಡುವ ಅಧಿಕಾರ ಕೆನಡಾದ ಕೇಂದ್ರಕ್ಕೆ ಬರುವುದಿಲ್ಲ ಎಂದಿತು. 1983ರಲ್ಲಿ ಆಸ್ಟ್ರೇಲಿಯಾದ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟ್, ವಿಶ್ವ ಪರಂಪರೆ ಒಪ್ಪಂದದ ಬಲದಿಂದ ಟಾಸ್ಮೇನಿಯಾದ ಅಣೆಕಟ್ಟು ಯೋಜನೆಯನ್ನು ಕೇಂದ್ರವು ತಡೆದದ್ದನ್ನು ಎತ್ತಿಹಿಡಿಯಿತು. ಈ ತೀರ್ಪುಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿಸಿದ ರೀತಿಯಿಂದಾಗಿ, ಜಾಗತೀಕರಣವು ಎಲ್ಲೆಡೆಯೂ ರಾಜ್ಯಗಳನ್ನು ದುರ್ಬಲಗೊಳಿಸುತ್ತದೆ ಎಂದು ನಾನು ಬಹುಕಾಲದಿಂದ ನಂಬಿದ್ದ ಮಾತನ್ನು ಕೈಬಿಡಬೇಕಾಯಿತು.

ನಾಲ್ಕನೆಯ ವಾರದ ವಲೋನಿಯಾ ಪ್ರಸಂಗ ಇನ್ನೂ ಸೊಗಸಾಗಿದೆ. ಬೆಲ್ಜಿಯಂನ ಈ ಪ್ರದೇಶದ ಸಂಸತ್ತು 2016ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ನೀಡದಿದ್ದುದರಿಂದ ಬೆಲ್ಜಿಯಂ ಸಹಿ ಹಾಕಲಾಗದೆ, ಐರೋಪ್ಯ ಒಕ್ಕೂಟ ಮತ್ತು ಕೆನಡಾ ನಡುವಿನ ವ್ಯಾಪಾರ ಒಪ್ಪಂದವೇ ನಿಂತುಹೋಯಿತು. ದೇಶದೊಳಗೆ ರಾಜಿಯಾದ ಮೇಲೆ 30ರಂದು ಸಹಿ ಬಿತ್ತು. ವಿದೇಶಿ ಹೂಡಿಕೆದಾರರು ಸರ್ಕಾರಗಳ ವಿರುದ್ಧ ದೂರಲೆಂದು ಒಪ್ಪಂದದಲ್ಲಿದ್ದ ಹೂಡಿಕೆ ವಿವಾದಗಳ ನ್ಯಾಯಮಂಡಳಿಯ ಬಗ್ಗೆ ಐರೋಪ್ಯ ನ್ಯಾಯಾಲಯದ ಅಭಿಪ್ರಾಯ ಕೇಳಬೇಕೆಂಬುದೂ ಆ ರಾಜಿಯ ಭಾಗವಾಗಿತ್ತು. 2019ರಲ್ಲಿ ನ್ಯಾಯಾಲಯ ಆ ನ್ಯಾಯಮಂಡಳಿಗೆ ಸಮ್ಮತಿಸಿತು. ಉಪನ್ಯಾಸಕಿ ಈ ಘಟನೆಯನ್ನು ಸಾಹಸಗಾಥೆಯಾಗಿಸದೆ, ಸಹಿಗೆ ಮುನ್ನವೇ ಸಮಾಲೋಚನೆ ನಡೆಯದಿದ್ದರೆ ಏನಾಗುತ್ತದೆ ಎಂಬುದರ ನಿದರ್ಶನವಾಗಿ ವಿವರಿಸಿದರು.

ನನ್ನ ದೂರು ಆಮೇಲಿನ ಪಾಠಗಳ ಬಗ್ಗೆ. ಒಪ್ಪಂದ ಜಾರಿಗೊಳಿಸಲು ರಾಜ್ಯಪಟ್ಟಿಯ ವಿಷಯಗಳಲ್ಲೂ ಸಂಸತ್ತು ಶಾಸನ ಮಾಡಬಹುದೆಂದು ಸ್ಪಷ್ಟವಾಗಿ ಬರೆದಿರುವ ಭಾರತ ಸಂವಿಧಾನದ 253ನೇ ವಿಧಿಗೆ ಸಿಕ್ಕಿದ್ದು ಒಂದೇ ವಾಕ್ಯ. ಕೃಷಿಯು ರಾಜ್ಯಪಟ್ಟಿಯಲ್ಲಿದ್ದರೂ 1995ರಲ್ಲಿ ಜಾರಿಗೆ ಬಂದ ವಿಶ್ವ ವ್ಯಾಪಾರ ಸಂಸ್ಥೆಯ ಕೃಷಿ ಒಪ್ಪಂದಕ್ಕೆ ಕೇಂದ್ರವು ಬದ್ಧವಾದದ್ದು ಹೇಗೆ ಎಂಬ ಚರ್ಚೆಗೆ ಇದಕ್ಕಿಂತ ಒಳ್ಳೆಯ ಅವಕಾಶ ಇನ್ನೆಲ್ಲಿತ್ತು? ತೆರಿಗೆ ಹಂಚಿಕೆಯ ಪಾಠವೂ ತೀರಾ ಸಪ್ಪೆ.

ಪರೀಕ್ಷೆಯಲ್ಲಿ ಇಸವಿಗಳನ್ನಷ್ಟೇ ಕೇಳಿದ್ದಾರೆ. ವಿದೇಶಾಂಗ ನೀತಿಯ ನಿರ್ಧಾರಗಳಲ್ಲಿ ಕ್ಯಾಂಟನ್‌ಗಳಿಗೆ (ಅಲ್ಲಿನ ರಾಜ್ಯಗಳಿಗೆ) ಪಾಲು ಕೊಡುವ ಸ್ವಿಟ್ಜರ್ಲೆಂಡ್ ಸಂವಿಧಾನದ 55ನೇ ವಿಧಿಯನ್ನು ಆಧರಿಸಿ ನಾನು ಬರೆದ ಪ್ರಬಂಧಕ್ಕೆ ಅಂಕ ಬಂತೇ ಹೊರತು ಒಂದು ಸಾಲಿನ ಟಿಪ್ಪಣಿಯೂ ಬರಲಿಲ್ಲ.