ವಿಮಾನಕ್ಕೆ ಬಣ್ಣದ ವಿನ್ಯಾಸ: ಪೆನ್ಸಿಲ್, ಕಂಪ್ಯೂಟರ್, ಥರ್ಮೋಕೋಲ್, ಟೇಪ್

ಮನೆಯಲ್ಲೇ ಕಟ್ಟಿದ ವಿಮಾನಕ್ಕೆ ಯಾವ ಬಣ್ಣ ಹೊಡೆಯೋದು ಅಂತ ಎಲ್ಲರೂ ಕೇಳುತ್ತಾರೆ. ಅದಕ್ಕಿಂತ ಕಷ್ಟದ್ದು ಗೆರೆ ಎಲ್ಲಿಂದ ಎಲ್ಲಿಗೆ ಹೋಗಬೇಕು ಎನ್ನುವುದು. ಹಾಸನದ ಸಾಲಗಾಮೆ ರಸ್ತೆ ಕಡೆಯ ನಮ್ಮ ಶೆಡ್ಡಿನಲ್ಲಿರುವುದು ಎರಡು ಸೀಟಿನ ಅಲ್ಯೂಮಿನಿಯಂ ವಿಮಾನ. ಎಂಜಿನ್ ಮೇಲಿನ ಕವಚ ಮತ್ತು ರೆಕ್ಕೆಯ ತುದಿಗಳು ಮಾತ್ರ ಫೈಬರ್‌ಗ್ಲಾಸ್. ಇದರ ವಿನ್ಯಾಸಕ್ಕೆ ನಾಲ್ಕು ದಾರಿ ಹಿಡಿದು ನೋಡಿದೆ: ಬಣ್ಣದ ಪೆನ್ಸಿಲ್, ಕಂಪ್ಯೂಟರಿನಲ್ಲಿ ಚಿತ್ರ ಬರೆಯುವ ಇಂಕ್‌ಸ್ಕೇಪ್ ತಂತ್ರಾಂಶ, ಥರ್ಮೋಕೋಲ್ ಮಾದರಿ, ಕೊನೆಗೆ ವಿಮಾನದ ಮೈಮೇಲೇ ಟೇಪ್. ನಾಲ್ಕಕ್ಕೂ ಅದರದರ ಕೆಲಸವಿದೆ, ಆದರೆ ಇತ್ಯರ್ಥ ಆಗಬೇಕಾದದ್ದು ಟೇಪಿನಲ್ಲೇ.

ಯಾವ ದಾರಿ ಹಿಡಿದರೂ ಮೊದಲು ನೋಂದಣಿ ಅಕ್ಷರಗಳಿಗೆ ಜಾಗ ಬಿಡಿ. ನಮ್ಮ ದೇಶದಲ್ಲಿ ವಿಟಿ, ಒಂದು ಅಡ್ಡಗೆರೆ, ಆಮೇಲೆ ಮೂರು ಅಕ್ಷರ. ಅಂತರರಾಷ್ಟ್ರೀಯ ನಿಯಮದಂತೆ ವಿಮಾನದ ಒಡಲಿನ ಮೇಲೆ ಅಕ್ಷರದ ಎತ್ತರ ಕನಿಷ್ಠ 30 ಸೆಂ.ಮೀ., ರೆಕ್ಕೆಯ ಅಡಿಯಲ್ಲಿ 50 ಸೆಂ.ಮೀ. ಅಕ್ಷರದ ಅಗಲ, ಅಡ್ಡಗೆರೆಯ ಉದ್ದ ಎರಡೂ ಎತ್ತರದ ಮೂರನೇ ಎರಡು ಪಾಲು. ನಡುವಿನ ಸಂದು ಅಗಲದ ಕಾಲು ಪಾಲಾದರೂ ಇರಬೇಕು. ಹಾಗಾದರೆ ಒಡಲಿನ ಮೇಲೆ ಐದು ಅಕ್ಷರ, ಒಂದು ಅಡ್ಡಗೆರೆ ಸೇರಿ 20 ಸೆಂ.ಮೀ.ಯವು ಆರು, 5 ಸೆಂ.ಮೀ.ಯ ಸಂದು ಐದು: ಒಟ್ಟು 145 ಸೆಂ.ಮೀ. ಪುಟ್ಟ ವಿಮಾನದಲ್ಲಿ ಸೀಟಿನ ಹಿಂದಿನಿಂದ ಬಾಲದವರೆಗೆ ಉಳಿಯುವ ಜಾಗದ ದೊಡ್ಡ ಪಾಲು ಇದಕ್ಕೇ ಹೋಗುತ್ತದೆ. ಅಕ್ಷರವನ್ನು ಕೊನೆಗೆ ಅಂಟಿಸಿದರಾಯ್ತು ಅಂದುಕೊಂಡರೆ ಎಂಥ ಚೆಂದದ ಪಟ್ಟೆಯೂ ಹಾಳು.

ಪೆನ್ಸಿಲ್ಲಿನ ಗುಣ ವೇಗ. ಪಕ್ಕದ, ಮೇಲಿನ, ಮುಂದಿನ ನೋಟಗಳ ಗೆರೆಚಿತ್ರವನ್ನು ಕಂತೆಗಟ್ಟಲೆ ಜೆರಾಕ್ಸ್ ಮಾಡಿಸಿ ಕೈ ಓಡಿದಂತೆ ಬಳಿಯುತ್ತಾ ಹೋಗಬಹುದು. ಬೇಲೂರು, ಹಳೇಬೀಡು ಪಕ್ಕದಲ್ಲೇ ಇರುವಾಗ ಬಾಲದ ಮೇಲೊಂದು ಹೊಯ್ಸಳ ಬಳ್ಳಿ ಹರಿಸಬೇಕೆಂಬ ಆಸೆ ನನಗೆ ಬಲವಾಗಿತ್ತು. ಕೈಯಲ್ಲಿ ಹಿಡಿದಾಗ ಬಹಳ ಸೊಗಸಾಗಿತ್ತು. ಗೋಡೆಗೆ ಅಂಟಿಸಿ ಹಜಾರದ ಆ ತುದಿಯಿಂದ ನೋಡಿದರೆ ಬಳ್ಳಿಯಿಲ್ಲ, ಬರೀ ಕಂದು ಮಚ್ಚೆ. ಆ ಕೆತ್ತನೆ ಗೋಡೆಯ ಪಕ್ಕ ನಿಂತು ನೋಡುವವರಿಗಾಗಿ ಮಾಡಿದ್ದು. ವಿಮಾನವನ್ನು ಜನ ನೋಡುವುದು ದೂರದಿಂದ. ಎರಡು ಮೂರು ದೊಡ್ಡ ಆಕಾರ ಸಾಕು ಎಂದು ಅಲ್ಲೇ ತೀರ್ಮಾನವಾಯಿತು.

ಇಂಕ್‌ಸ್ಕೇಪಿಗೆ ದುಡ್ಡು ಕೊಡಬೇಕಿಲ್ಲ. ಗೆರೆ ಒಂದೇ ಇಟ್ಟುಕೊಂಡು ಬಣ್ಣ ಬದಲಿಸಿ ಬದಲಿಸಿ ನೋಡಲು, ಅಕ್ಷರಗಳನ್ನು ಸರಿಯಾದ ಅಳತೆಗೆ ಕೂರಿಸಲು ಇದಕ್ಕಿಂತ ಒಳ್ಳೆಯದು ನನಗೆ ಸಿಗಲಿಲ್ಲ. ಆದರೆ ಅದು ತೋರಿಸುವ ನೋಟದಲ್ಲಿ ವಿಮಾನವನ್ನು ಯಾರೂ ಯಾವತ್ತೂ ನೋಡುವುದಿಲ್ಲ. ತೆರೆಯ ಮೇಲೆ ಮೂತಿಯಿಂದ ಬಾಲಕ್ಕೆ ನೇರ ಎಳೆದ ಗೆರೆ ವಿಮಾನದ ಮೇಲೆ ನೇರ ಕಾಣದು. ನಿಂತವರ ಕಣ್ಣು ಗೆರೆಗಿಂತ ಮೇಲಿರುತ್ತದೆ; ಮೂತಿ ಒಳಕ್ಕೆ ತಿರುಗುವ ಕಡೆ ಗೆರೆ ಮೇಲಕ್ಕೆದ್ದಂತೆ ಕಾಣುತ್ತದೆ. ಪಕ್ಕದ ನೋಟದ ಗೆರೆ ಮೇಲಿನ ನೋಟದಲ್ಲಿ ಎಲ್ಲಿ ಹೊರಬರುತ್ತದೆ ಎನ್ನುವುದನ್ನೂ ನೀವೇ ಲೆಕ್ಕ ಹಾಕಬೇಕು.

ಥರ್ಮೋಕೋಲ್ ಮಾದರಿ ಆ ಲೆಕ್ಕವನ್ನು ತಪ್ಪಿಸುತ್ತದೆ. ಸ್ಕೆಚ್ ಪೆನ್ನಲ್ಲಿ ಸುತ್ತ ಎಳೆದರೆ ಎರಡು ಕಡೆಯ ಗೆರೆ ಮೂತಿಯ ಮೇಲೆ ಕೂಡುತ್ತವೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಮೇಜಿನ ಮೇಲಿಟ್ಟು ಮಾತ್ರ ನೋಡಬೇಡಿ, ತಲೆಗಿಂತ ಮೇಲೆ ಎತ್ತಿ ಹಿಡಿಯಿರಿ. ಹಾರುವಾಗ ನೆಲದವರಿಗೆ ಕಾಣುವುದು ಹೊಟ್ಟೆಯೇ.

ಇನ್ನು ಟೇಪ್. ನೇರ ಭಾಗಕ್ಕೆ ಮಾಮೂಲಿ ಮಾಸ್ಕಿಂಗ್ ಟೇಪ್ ಸಾಕು, ಬಾಗುವ ಕಡೆ 6 ಮಿ.ಮೀ.ಯ ಪ್ಲಾಸ್ಟಿಕ್ ಫೈನ್‌ಲೈನ್ ಟೇಪ್ ಬೇಕು. ಕಾಗದದ್ದು ತಿರುವಿನಲ್ಲಿ ಸುಕ್ಕಾಗುತ್ತದೆ. ಒಬ್ಬರಿಂದ ಆಗುವ ಕೆಲಸವಲ್ಲ. ಭಾವ ಬಾಲದ ಹತ್ತಿರ, ನಾನು ಮೂತಿಯ ಹತ್ತಿರ. ಟೇಪನ್ನು ಗಾಳಿಯಲ್ಲೇ ಉದ್ದಕ್ಕೆ ಎಳೆದು ಹಿಡಿದು, ಒಂದು ಕಣ್ಣು ಮುಚ್ಚಿ ಗೆರೆಯ ಗುಂಟ ನೋಡಿ, ಆಮೇಲೆ ಒಂದೇ ಸಲ ಮೈಗೆ ಕೂರಿಸುವುದು. ತುಂಡು ತುಂಡಾಗಿ ಅಂಟಿಸಿದರೆ ಅಲೆ ಅಲೆಯಾಗುತ್ತದೆ. ಗೆರೆಗಳ ನಡುವೆ ಗಾಳಿಪಟದ ಬಣ್ಣದ ಕಾಗದ ಅಂಟಿಸಿದೆವು. ಬಣ್ಣ ಎಷ್ಟು ಜಾಗ ತಿನ್ನುತ್ತದೆ ಎನ್ನುವುದು ಗೆರೆಯೊಂದರಿಂದಲೇ ತಿಳಿಯುವುದಿಲ್ಲ.

ನಮ್ಮೂರಿನಲ್ಲಿ ಅಂಗಡಿ ಬೋರ್ಡ್ ಬರೆಯುವ ಹಿರಿಯರೊಬ್ಬರನ್ನು ಕರೆದಿದ್ದೆ. ಅವರು ಹತ್ತಿರವೇ ಬರಲಿಲ್ಲ. “ಅಲ್ಲಿ ನಿಂತ್ಕೊಂಡು ಏನ್ ನೋಡ್ತೀರಾ ಸಾರ್, ರಸ್ತೆ ಆಚೆಗೆ ಬನ್ನಿ. ಓದೋರು ಇಲ್ಲಿಂದ್ಲೇ ಓದೋದು” ಅಂದರು. ಹೋಗಿ ನೋಡಿದರೆ ಪಟ್ಟೆ ಬಾಲದ ಕಡೆ ಜೋತುಬಿದ್ದಂತಿತ್ತು. ಹಿಂದಿನ ತುದಿಯನ್ನು ನಾಲ್ಕು ಬೆರಳು ಎತ್ತಿದೆವು, ವಿಮಾನ ನಿಂತಲ್ಲೇ ಚುರುಕಾಯಿತು. ಆ ನಾಲ್ಕು ಬೆರಳು ಕಂಪ್ಯೂಟರಿನಲ್ಲಿ ಎಷ್ಟು ಹೊತ್ತು ಕೂತರೂ ಕಾಣುತ್ತಿರಲಿಲ್ಲ. ಮಳೆಗಾಲದ ಬೆಳಗ್ಗೆ ತಗಡು ತಣ್ಣಗೆ ಬೆವರಿರುತ್ತದೆ, ಟೇಪ್ ಹಿಡಿಯುವುದಿಲ್ಲ, ಒಣಬಟ್ಟೆಯಲ್ಲಿ ಒರೆಸಿಕೊಳ್ಳಿ. ಬಿಸಿಲಲ್ಲಿ ಅಂಟು ಬೇಯುವ ಮುಂಚೆ ಕಿತ್ತುಬಿಡಿ.

ಬಣ್ಣದ ಆಯ್ಕೆಗೆ ಈ ನಾಲ್ಕರಲ್ಲಿ ಯಾವುದನ್ನೂ ನಂಬಬೇಡಿ. ಬಿ.ಎಂ. ರಸ್ತೆಯ ಅಂಗಡಿಯಲ್ಲಿ ಸ್ವಲ್ಪ ಸ್ವಲ್ಪ ಬೆರೆಸಿ ತಂದು, ಉಳಿದ ತಗಡಿನ ಚೂರುಗಳಿಗೆ ಪ್ರೈಮರ್ ಸಮೇತ ಹೊಡೆಸಿ ಬಿಸಿಲಿಗೂ ಮೋಡಕ್ಕೂ ಹಿಡಿದು ನೋಡಿ. ಕೆಂಪು, ಹಳದಿ ಅಡಿಯ ಬಣ್ಣವನ್ನು ಬೇಗ ಮುಚ್ಚುವುದಿಲ್ಲ, ಕೋಟು ಹೆಚ್ಚು ಬೇಕು, ಭಾರವೂ ಹೆಚ್ಚು. ಅದಕ್ಕೇ ನಾನು ರಡ್ಡರ್, ಎಲಿವೇಟರ್, ಐಲೆರಾನ್‌ಗಳ ಮೇಲೆ, ಅಂದರೆ ವಿಮಾನವನ್ನು ತಿರುಗಿಸಲು ಬಾಲದಲ್ಲೂ ರೆಕ್ಕೆಯಲ್ಲೂ ಕೀಲಿನ ಮೇಲೆ ಆಡುವ ಭಾಗಗಳ ಮೇಲೆ, ಪಟ್ಟೆ ಹಾಯಿಸಲಿಲ್ಲ. ಕೀಲಿನ ಹಿಂದೆ ಭಾರ ಕೂಡಿದರೆ ವೇಗದಲ್ಲಿ ಅವು ಪಟಪಟ ಅದುರಲು ಶುರುವಾಗಿ ವಿಮಾನವನ್ನೇ ಮುರಿಯಬಲ್ಲವು. ಬಿಳಿ ಹೊಡೆದರೂ ಆಮೇಲೆ ಅವುಗಳ ಸಮತೋಲ ನೋಡಲೇಬೇಕು, ವಿಮಾನವನ್ನು ಮತ್ತೆ ತೂಗಲೇಬೇಕು. ಪೂರ್ತಿ ಫೈಬರ್‌ಗ್ಲಾಸ್ ವಿಮಾನವಾದರಂತೂ ಬಿಳಿಯೇ ಇರಲಿ, ಗಾಢ ಬಣ್ಣ ಬಿಸಿಲಲ್ಲಿ ಕಾದರೆ ಫೈಬರ್ ಎಳೆಗಳನ್ನು ಹಿಡಿದಿಡುವ ಎಪಾಕ್ಸಿ ಅಂಟು ಮೆತ್ತಗಾಗುತ್ತದೆ.

ಟೇಪ್ ಕೀಳುವ ಮುಂಚೆ ತಗಡು ಜೋಡಿಸುವ ರಿವೆಟ್ ಮೊಳೆಗಳ ಪ್ರತಿ ಸಾಲಿನಲ್ಲೂ ಗೆರೆ ಎಷ್ಟು ಎತ್ತರದಲ್ಲಿದೆ ಎಂದು ಅಳೆದು ಬರೆದುಕೊಂಡೆವು. ಎರಡೂ ಬದಿಯ ಸಾಲು ಒಂದೇ ಅಂತರದಲ್ಲಿರುವುದರಿಂದ ಎಡಕ್ಕೆ ಅಳೆದದ್ದೇ ಬಲಕ್ಕೂ ನಡೆಯುತ್ತದೆ. ಆ ಅಳತೆಗಳನ್ನು ಇಂಕ್‌ಸ್ಕೇಪಿನ ಚಿತ್ರಕ್ಕೆ ತುಂಬಿಸಿ ಪೇಂಟರ್ ಕೈಗೆ ಕೊಟ್ಟಿದ್ದೇನೆ.