ಫ್ಲೈವೀಲೋ, ಫ್ಲೆಕ್ಸ್ ಪ್ಲೇಟೋ: ಎರಡನ್ನೂ ಬಿಚ್ಚಿಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಫ್ಲೈವೀಲಿಗೆ. ಎರಡೂ ಎಂಜಿನ್ನಿನೊಳಗೆ ತಿರುಗುವ ದಂಡದ, ಅಂದರೆ ಕ್ರ್ಯಾಂಕಿನ, ತುದಿಗೆ ಗೇರ್ ಬಾಕ್ಸಿನ ಕಡೆ ಬಿಗಿಯುವ ಚಕ್ರಗಳು. ಗೇರ್ ಹಾಕುವ ಗಾಡಿಯಲ್ಲಿ ಫ್ಲೈವೀಲ್, ಆಟೋಮ್ಯಾಟಿಕ್‌ನಲ್ಲಿ ಸಾಮಾನ್ಯವಾಗಿ ಫ್ಲೆಕ್ಸ್ ಪ್ಲೇಟ್. ಮನೆಯಲ್ಲಿ ಮೊದಲಿಂದ ಇರುವುದು ಗೇರ್ ಹಾಕಿ ಓಡಿಸುವ ಡೀಸೆಲ್ ಜೀಪು. ಕಳೆದ ವರ್ಷ ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಪೆಟ್ರೋಲ್ ಆಟೋಮ್ಯಾಟಿಕ್ ಕಾರು ತಗೊಂಡೆ. 11 ತಿಂಗಳೊಳಗೆ ಎರಡರ ಗೇರ್ ಬಾಕ್ಸನ್ನೂ ಇಳಿಸಬೇಕಾಯಿತು.

ಜೀಪಿನ ಫ್ಲೈವೀಲ್ ಎತ್ತಲು ಎರಡೂ ಕೈ ಬೇಕು. ದಪ್ಪ ಎರಕದ ಕಬ್ಬಿಣ. ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ ಕ್ರ್ಯಾಂಕ್ ಅರ್ಧ ಸುತ್ತು ತಿರುಗುವಷ್ಟರಲ್ಲಿ ಇಂಧನ ಉರಿದ ಒಂದು ಹೊಡೆತ ಬೀಳುತ್ತದೆ. ಒಂದು ಹೊಡೆತಕ್ಕೂ ಇನ್ನೊಂದಕ್ಕೂ ನಡುವೆ ಎಂಜಿನ್ ತಡವರಿಸದ ಹಾಗೆ ನೋಡಿಕೊಳ್ಳುವುದು ಈ ತೂಕ. ಕ್ಲಚ್ ಪ್ಲೇಟ್ ಬಂದು ಒತ್ತುವುದೂ ಇದರ ಮುಖಕ್ಕೇ.

ಫ್ಲೆಕ್ಸ್ ಪ್ಲೇಟನ್ನು ಊಟದ ತಟ್ಟೆಯ ಹಾಗೆ ಒಂದೇ ಕೈಯಲ್ಲಿ ಹಿಡಿಯಬಹುದು. ತೆಳು ಸ್ಟೀಲ್ ತಗಡು. ಅದರ ಹಿಂದೆ ಕ್ಲಚ್ ಇಲ್ಲ, ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರ್ ಬಾಕ್ಸಿಗೆ ದಾಟಿಸುವ, ಎಣ್ಣೆ ತುಂಬಿದ ಟಾರ್ಕ್ ಕನ್ವರ್ಟರ್ ಇರುತ್ತದೆ. ತೂಕದ ಕೆಲಸ ಅದೇ ಮಾಡುತ್ತದೆ. ಒತ್ತಡಕ್ಕೆ ಕನ್ವರ್ಟರ್ ಒಂಚೂರು ಉಬ್ಬಿದರೂ ಕ್ರ್ಯಾಂಕಿಗೆ ಪೆಟ್ಟಾಗಬಾರದು, ತಗಡು ಬಾಗಬೇಕು. ಅದಕ್ಕೇ ಅಷ್ಟು ತೆಳು.

ಸ್ಟಾರ್ಟ್ ಮಾಡುವಾಗ ಸೆಲ್ಫ್ ಮೋಟಾರ್ ಕಚ್ಚುವ ಹಲ್ಲಿನ ಬಳೆ, ರಿಂಗ್ ಗೇರ್, ಎರಡರ ಅಂಚಿನಲ್ಲೂ ಇದೆ.

ಈಗ ನನ್ನ ನಿದ್ದೆ ಕೆಡಿಸಿದ ಸದ್ದಿನ ವಿಷಯ. ಕಾರು ತಂದ ನಾಲ್ಕನೇ ತಿಂಗಳು, ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಕೆಳಗಿನಿಂದ ಟಕ್ ಟಕ್ ಟಕ್. ನಿಂತಲ್ಲೇ ಓಡುವಾಗ ಜೋರು. ‘ಡಿ’ಗೆ (ಡ್ರೈವ್) ಹಾಕಿ ಬ್ರೇಕ್ ಒತ್ತಿ ಹಿಡಿದರೆ ಕಡಿಮೆ. ಹಾಸನದ ಒಂದು ಗ್ಯಾರೇಜಿಗೆ ತೋರಿಸಿದೆ. ಬಾನೆಟ್ ಎತ್ತಿ ಎರಡು ನಿಮಿಷ ಕೇಳಿದರು, ‘ಬೇರಿಂಗ್ ಹೋಗಿದೆ ಸರ್, ಎಂಜಿನ್ ಬಿಚ್ಚಬೇಕು’ ಅಂದರು. ಲೆಕ್ಕ 70 ಸಾವಿರ ದಾಟಿತು. ಕಾರಿಗೆ ಕೊಟ್ಟ ದುಡ್ಡಿನ ಕಾಲು ಭಾಗ ಅದು.

ಸಕಲೇಶಪುರದಲ್ಲಿ ನಮ್ಮ ಜೀಪು ನೋಡುವ ಹಳೇ ಮೆಕ್ಯಾನಿಕ್ ಒಬ್ಬರಿದ್ದಾರೆ. ಅವರು ನನ್ನನ್ನು ಸೀಟಿನಲ್ಲಿ ಕೂರಿಸಿ, ‘ಪಿ’ಯಿಂದ (ಪಾರ್ಕ್) ‘ಡಿ’ಗೆ, ‘ಡಿ’ಯಿಂದ ‘ಪಿ’ಗೆ ಐದಾರು ಸಲ ಹಾಕಿಸಿದರು. ತಾವು ಕೆಳಗೆ ಮಲಗಿ ಕೇಳಿದರು. ‘ಬೇರಿಂಗ್ ಆಗಿದ್ರೆ ಲೋಡ್ ಬಿದ್ದಾಗ ಸದ್ದು ಜಾಸ್ತಿ ಆಗ್ಬೇಕಪ್ಪಾ, ಇದು ಕಮ್ಮಿ ಆಗ್ತಿದೆ. ಸುಮ್ನೆ ಎಂಜಿನ್ ಮುಟ್ಬೇಡ’ ಅಂದರು. ತಳದ ಕವರ್ ಬಿಚ್ಚಿ ಟಾರ್ಚ್ ಬಿಟ್ಟರೆ ಒಳಗೆ ಕೆಂಪಗೆ ತುಕ್ಕಿನ ಪುಡಿ.

ಗೇರ್ ಬಾಕ್ಸ್ ಇಳಿಸಿದ ಮೇಲೆ ಡೀಸೆಲ್ ಬಟ್ಟೆಯಿಂದ ತಗಡನ್ನು ಒರೆಸಿ ನನ್ನ ಕೈಗೆ ಕೊಟ್ಟರು. ನಡುವಿನ ಬೋಲ್ಟ್ ತೂತುಗಳಲ್ಲಿ ಒಂದರಿಂದ ಶುರುವಾಗಿ ಮೂರನೆಯದರವರೆಗೆ ಕೂದಲೆಳೆಯಂಥ ಬಿರುಕು. ಹೆಬ್ಬೆರಳಲ್ಲಿ ಒತ್ತಿದರೆ ಬಾಯಿ ಬಿಡುತ್ತಿತ್ತು, ಬಿಟ್ಟರೆ ಮುಚ್ಚಿಕೊಳ್ಳುತ್ತಿತ್ತು. ಟಕ್ ಟಕ್ ಅನ್ನುತ್ತಿದ್ದದ್ದು ಅದೇ. ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ, ಎರಡನ್ನೂ ನೇರ ಕೂರಿಸಲು ಇರಬೇಕಾದ ಎರಡು ಡೋವೆಲ್ ಪಿನ್‌ಗಳಲ್ಲಿ ಒಂದು ಇರಲೇ ಇಲ್ಲ. ಹಿಂದೆ ಯಾರೋ ಗೇರ್ ಬಾಕ್ಸ್ ಇಳಿಸಿ, ಏರಿಸುವಾಗ ಬಿಟ್ಟಿದ್ದಾರೆ. ಗೇರ್ ಬಾಕ್ಸ್ ನೇರ ಕೂತಿಲ್ಲ, ಪ್ರತಿ ಸುತ್ತಿಗೂ ತಗಡು ಒಂದೇ ಕಡೆ ಬಾಗಿ ಬಾಗಿ ಸೀಳಿದೆ. ಇಷ್ಟು ಚಿಕ್ಕ ಪಿನ್ನಿಗೆ ಇಷ್ಟೆಲ್ಲ ಅಂತ ಸಂಕಟವಾಯಿತು.

ಹೊಸ ಪ್ಲೇಟ್ ಹಾಸನದಲ್ಲಿ ಸಿಗಲಿಲ್ಲ. ಬೆಂಗಳೂರಿಂದ ಬರಲು 9 ದಿನ ಹಿಡಿಯಿತು. ಅಷ್ಟು ದಿನವೂ ಕಾರು ಮರದ ದಿಮ್ಮಿ ಕೊಟ್ಟು ನಿಲ್ಲಿಸಿದ ಸ್ಥಿತಿಯಲ್ಲೇ. ಪ್ಲೇಟಿನ ಬೆಲೆಗಿಂತ ಗೇರ್ ಬಾಕ್ಸ್ ಇಳಿಸಿ ಏರಿಸಿದ ಕೂಲಿಯೇ ಜಾಸ್ತಿ ಆಯಿತು.

ಜೀಪಿನ ಕಥೆ ಚಿಕ್ಕದು. ಘಾಟಿಯಲ್ಲಿ ಹಾಫ್ ಕ್ಲಚ್ ಜಾಸ್ತಿಯಾಗಿ ಕ್ಲಚ್ ಪ್ಲೇಟ್ ಸುಟ್ಟಿತು. ಫ್ಲೈವೀಲಿನ ಮುಖದ ಮೇಲೆ ನೀಲಿ ಕಲೆಗಳು. ಪೇಟೆಯ ಲೇತ್ ಅಂಗಡಿಯಲ್ಲಿ ಫೇಸಿಂಗ್ ಹೊಡೆಸಿ, ಅಂದರೆ ಮುಖದ ಒಂದು ಪದರ ಕೆತ್ತಿಸಿ, ಸಂಜೆಗೆ ಜೀಪು ಮನೆಗೆ ತಂದೆ.

ಇದು ಒಂದೇ ತುಂಡಿನ ಫ್ಲೈವೀಲಿನ ಮಾತು. ಈಗಿನ ಎಷ್ಟೋ ಡೀಸೆಲ್ ಕಾರುಗಳಲ್ಲಿ ಒಳಗೆ ಸ್ಪ್ರಿಂಗ್ ಇರುವ ಡ್ಯುಯಲ್ ಮಾಸ್ ಫ್ಲೈವೀಲ್ ಬರುತ್ತದೆ. ಅದರ ಸ್ಪ್ರಿಂಗ್ ಸಡಿಲವಾದರೆ ಲೇತ್‌ನಿಂದ ಉಪಯೋಗ ಇಲ್ಲ, ಇಡೀ ಫ್ಲೈವೀಲೇ ಬದಲಾಯಿಸಬೇಕು, ಖರ್ಚೂ ದೊಡ್ಡದು. ನನ್ನ ಜೀಪಿನಲ್ಲಿ ಅದು ಇದ್ದಿದ್ದರೆ ಇಷ್ಟು ಧೈರ್ಯವಾಗಿ ಬರೆಯುತ್ತಿರಲಿಲ್ಲ. ಇನ್ನೊಂದು, ಕ್ಲಚ್ ಪೆಡಲ್ ಇಲ್ಲ ಅಂದರೆ ಫ್ಲೆಕ್ಸ್ ಪ್ಲೇಟೇ ಅಂತ ಅಲ್ಲ. ಎಎಂಟಿ (ಸಾದಾ ಗೇರ್ ಬಾಕ್ಸನ್ನೇ ಯಂತ್ರ ಬದಲಾಯಿಸುವ) ಕಾರುಗಳಲ್ಲಿ ಕ್ಲಚ್ಚೂ ಇದೆ, ಫ್ಲೈವೀಲೂ ಇದೆ. ಕ್ಲಚ್ ಒತ್ತುವ ಕೆಲಸ ಮಾತ್ರ ನಿಮ್ಮ ಕಾಲಿನದ್ದಲ್ಲ.

ಫ್ಲೆಕ್ಸ್ ಪ್ಲೇಟ್ ಕೆಟ್ಟದ್ದು ಅನ್ನುತ್ತಿಲ್ಲ. ಉಜ್ಜಿ ಸವೆಯುವ ಮುಖವೇ ಅದಕ್ಕಿಲ್ಲ. ಸರಿಯಾಗಿ ಕೂರಿಸಿದ್ದರೆ ಅದರ ನೆನಪೂ ಬರುವುದಿಲ್ಲ. ಆದರೆ ನಾನಿರುವುದು ತೋಟದಲ್ಲಿ. ವಾರಕ್ಕೆರಡು ಸಲ ಶಿರಾಡಿ ಘಾಟಿ ಇಳಿದು ಹತ್ತಬೇಕು. ಕೈಕೊಟ್ಟರೆ ಸಂಜೆಯೊಳಗೆ ಇಲ್ಲೇ ರಿಪೇರಿ ಆಗಬೇಕು, ಅಲ್ವಾ?

ಹಳೇ ಆಟೋಮ್ಯಾಟಿಕ್ ನೋಡಲು ಹೋಗುವವರು ಎಂಜಿನ್ ತಣ್ಣಗಿರುವಾಗಲೇ ಹೋಗಿ. ರೇಡಿಯೋ, ಎಸಿ ಆಫ್ ಮಾಡಿ, ಬ್ರೇಕ್ ಒತ್ತಿ ಹಿಡಿದು ‘ಪಿ’ಯಿಂದ ‘ಡಿ’ಗೆ ಹಾಕಿ ಕಿವಿ ಕೊಡಿ. ಸದ್ದು ಬದಲಾದರೆ ತಳದ ಕವರ್ ಬಿಚ್ಚಿ ನೋಡದೆ ಅಡ್ವಾನ್ಸ್ ಕೊಡಬೇಡಿ.

ಆ ಕಾರು ಈಗ ಬೆಂಗಳೂರಿನಲ್ಲಿ ತಂಗಿಯ ಹತ್ತಿರ ಇದೆ. ಎರಡೂ ಡೋವೆಲ್ ಪಿನ್ ಹಾಕಿಸಿಯೇ ಕೊಟ್ಟಿದ್ದೇನೆ. ದಿನಾ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ನಿಲ್ಲುವ ಅವಳಿಗೆ ಅದೇ ಸರಿ.